ಮಾಸ್ತರ ಹೂವು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಬೆಟಗೇರಿಯ ನಮ್ಮ ಓಣಿಯವರು ಮಾಸ್ತರರ ವಿಷಯದಲ್ಲಿ ಈ ಮಾತನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. ಅವರು ಬದುಕಿದ್ದಾಗ ಎದುರಿಗೆ ಬಂದರೆ ಪಕ್ಕದ ಅಂಗಡಿ ಹೊಕ್ಕು ಬೇಡದ ಸಾಮಾನಿನ ದರ ಕೇಳುತ್ತ ನಿಲ್ಲುತ್ತಿದ್ದವರೇ ಈಗ ಅವರ ಫೋಟೋಕ್ಕೆ ಹಾರ ಹಾಕಲು ಎಲ್ಲರಿಗಿಂತ ಮುಂದೆ ಇರುತ್ತಾರೆ. ನನಗೆ ಈ ಓಣಿಯವರ ಮೇಲೆ ಸಿಟ್ಟಿದೆ. ಇಳಿದೀತು ಎಂದು ಕಾದು ನೋಡಿದೆ, ಇಳಿಯಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಮಾಸ್ತರ ಎಂದರೆ ಶಾಲೆಯ ಮಾಸ್ತರರಲ್ಲ. ಕೈಮಗ್ಗದ ಸೀರೆಗಳ ದಡಿಗೆ, ಸೆರಗಿಗೆ ನಕ್ಷೆ ತೆಗೆಯುವವರು. ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತ ಅವರು ಹೂವು ಬಳ್ಳಿ ಬರೆದುಕೊಟ್ಟರೆ ನೇಕಾರರು ಅದನ್ನು ಮಗ್ಗಕ್ಕೆ ಏರಿಸುತ್ತಿದ್ದರು. ಸಣ್ಣ ಮೈಯ ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಮುರಿದ ಕನ್ನಡಕದ ಕಡ್ಡಿಗೆ ಮಗ್ಗದ ಹಾಸಿನ ನೂಲು ಸುತ್ತಿದ್ದರು. ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ, ಬಟ್ಟೆ ನೋಡುತ್ತಿದ್ದರು. ನನ್ನ ಹೆಗಲ ಮೇಲಿನ ಟವೆಲ್ಲಿನ ತುದಿ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, “ಇದನ್ನ ಯಾರು ಕೊಟ್ರು ನಿಮಗ? ಅವರ ಜೋಡಿ ಇನ್ನೂ ಮಾತು ಬಿಟ್ಟಿಲ್ಲೇನು?” ಎಂದು ಕೇಳುವುದು ಅವರ ನಮಸ್ಕಾರ. ಆ ಟವೆಲ್ಲು ನನ್ನ ಅಳಿಯ ತಂದದ್ದು ಎಂದು ಹೇಳಿದ ಮೇಲೂ ಅವರು ಮಾತು ತಿರುಗಿಸಲಿಲ್ಲ.

ನಾನು ಬಸ್ ಡಿಪೋದಲ್ಲಿ ಕಾರಕೂನನಾಗಿದ್ದೆ. ಮನೆ ಅವರ ಮನೆಗೆ ಹೊಂದಿಕೊಂಡೇ ಇದೆ. ನಮ್ಮ ಸ್ನೇಹಕ್ಕೆ ಮೂಲ ಕಾರಣ ನನ್ನ ಗುಣವೇನಲ್ಲ, ನನ್ನ ಸ್ಕೂಟರ್ ಗಾಡಿ. ಅವರಿಗೆ ಗಾಡಿ ಇರಲಿಲ್ಲ, ಹೊಡೆಯಲೂ ಬರುತ್ತಿರಲಿಲ್ಲ. ರವಿವಾರ ಮುಂಜಾನೆ ನಮ್ಮ ಕಟ್ಟೆಯ ಮುಂದೆ ನಿಂತು ನನ್ನ ಹೆಂಡತಿಗೆ, “ಗಾಡಿ ಐತೇನ್ರಿ ಮನ್ಯಾಗ?” ಎನ್ನುತ್ತಿದ್ದರು. ನಾನು ಇದ್ದೇನೋ ಇಲ್ಲವೋ ಎಂದು ಒಮ್ಮೆಯೂ ಕೇಳಿದವರಲ್ಲ.

ಗಾಡಿ ಹೋಗುತ್ತಿದ್ದದ್ದು ಸೊರಟೂರಿನ ಆಚೆಯ ಒಂದು ಸಣ್ಣ ಕೆರೆಗೆ. ಊರಿನ ಹೆಸರು ಬೇಡ, ಆ ಊರಿನವರ ತಪ್ಪು ಇದರಲ್ಲಿ ಏನೂ ಇಲ್ಲ. ಕೆರೆಯ ಪಡುವಣ ಮೂಲೆಯಲ್ಲಿ ನೈದಿಲೆ ಇತ್ತು. ನಾಟಿ ನೈದಿಲೆ, ಯಾರೂ ನೆಟ್ಟದ್ದಲ್ಲ. ಬಿಸಿಲೇರಿದ ಮೇಲೆ ಅರಳುತ್ತಿತ್ತು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಚ್ಚುತ್ತಿತ್ತು. ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತೆಳು ನೀಲಿ, ಎಸಳಿನ ಬುಡದಲ್ಲಿ ಬಿಳಿ. ಹಾಲಿಗೆ ನೀರು ಬೆರೆಸಿದಾಗ ಅಂಚಿನಲ್ಲಿ ಕಾಣುವ ನೀಲಿ ಇರುತ್ತದಲ್ಲ, ಅಂಥದ್ದು. ಮಾಸ್ತರರು ದಂಡೆಯ ಕಲ್ಲಿನ ಮೇಲೆ ಕುಳಿತು ಅದನ್ನು ಬರೆಯುತ್ತಿದ್ದರು. ನಾನು ಬೇವಿನ ನೆರಳಲ್ಲಿ ಪೇಪರು ಓದುತ್ತಿದ್ದೆ.

ಓದಲು ಬಿಟ್ಟರೆ ತಾನೆ. “ಇಲ್ಲಿ ಬರ್ರಿ, ಇದನ್ನ ನೋಡ್ರಿ” ಎಂದು ಕರೆಯುತ್ತಲೇ ಇರುತ್ತಿದ್ದರು. ಉದ್ದುದ್ದ ಕಾಲ್ಬೆರಳಿನ ಒಂದು ಹಕ್ಕಿ ಆ ಎಲೆಗಳ ಮೇಲೆ ನೆಲದ ಮೇಲೆ ನಡೆದಂತೆ ನಡೆಯುತ್ತಿತ್ತು. ಎಲೆಯ ಮೇಲೆಯೇ ತತ್ತಿ ಇಡುತ್ತಿತ್ತು. “ತತ್ತಿ ಇಟ್ಟು ಹೆಣ್ಣು ಹೊಂಟು ಹೋಗತೈತಿ. ಕಾವು ಕುಂಡ್ರೂದು ಗಂಡು. ಮರಿ ಜ್ವಾಪಾನ ಮಾಡೂದೂ ಗಂಡು. ನಿಮ್ಮ ಮನಿಯವರಿಗೆ ಹೇಳಬ್ಯಾಡ್ರಿ ಮತ್ತ” ಎಂದು ನಕ್ಕಿದ್ದರು. ಅವರು ನಕ್ಕದ್ದನ್ನು ನಾನು ಆ ಕೆರೆಯ ದಂಡೆಯ ಮೇಲೆ ಮಾತ್ರ ನೋಡಿದ್ದೇನೆ. ಎಲೆಯ ಅಡಿ ನೆರಳು, ನೆರಳಲ್ಲಿ ಮೀನಿನ ಮರಿ, ಮರಿಗೆ ಸೊಳ್ಳೆಯ ಹುಳ ಊಟ. ಹೀಗೆ ಒಂದಕ್ಕೊಂದು ಹಾಸುಹೊಕ್ಕಾಗಿ ಸೇರಿದ್ದನ್ನು ಬೆರಳಿನಿಂದ ಗಾಳಿಯಲ್ಲಿ ನೇಯ್ದು ತೋರಿಸುತ್ತಿದ್ದರು.

ಒಮ್ಮೆ ಆಗಷ್ಟೇ ಅರಳಿದ ಹೂವನ್ನು ಕೋಲಿನಿಂದ ದಂಡೆಯ ಹತ್ತಿರ ಎಳೆದು ಒಳಗೆ ನೋಡಲು ಹೇಳಿದರು. ನಡುವೆ ಒಂದಿಷ್ಟು ನೀರಿನಂಥ ರಸ ನಿಂತಿತ್ತು, ಅದರಲ್ಲಿ ಒಂದು ಜೇನುನೊಣ ಸತ್ತು ಬಿದ್ದಿತ್ತು. ಮೊದಲ ದಿನದ ಹೂವಿನಲ್ಲಿ ಹೀಗೇ ಆಗುತ್ತದಂತೆ. ಬೇರೆ ಹೂವಿನ ಪರಾಗ ಹೊತ್ತು ಬಂದ ಹುಳ ಅಲ್ಲಿ ಜಾರುತ್ತದೆ, ಪರಾಗ ತೊಳೆದು ಒಳಗಿಳಿಯುತ್ತದೆ, ಹುಳದ ಪುಣ್ಯ ಚೆನ್ನಾಗಿದ್ದರೆ ಹೊರಗೆ ಬರುತ್ತದೆ. ಮರುದಿನದಿಂದ ಹೂವು ಸಾಧು. “ಚಂದ ಇದ್ದವರನ್ನ ಮೊದಲನೇ ದಿನಾನ ನಂಬಬಾರದ್ರಿ” ಎಂದರು. ತಮ್ಮ ಪ್ರೀತಿಯ ಹೂವಿನ ಬಗ್ಗೆಯೂ ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದಕ್ಕೆ ಇದನ್ನು ಬರೆದೆ.

ಆ ನೈದಿಲೆಯನ್ನು ಅವರು ಸೀರೆಗೆ ತಂದರು. ಮೊದಲ ಸೀರೆಯನ್ನು ಅವರೇ ಕೂತು ನೇಯಿಸಿದರು. ಮಾಸಿದ ಬಿಳಿಯ ಮೈ, ಸೆರಗಿನಲ್ಲಿ ಆ ತೆಳು ನೀಲಿ ಹೂವು. ಲಕ್ಷ್ಮೇಶ್ವರದ ಒಬ್ಬ ಸಾಹೇಬರು ಸೀರೆಯ ವ್ಯಾಪಾರ ಮಾಡುತ್ತಿದ್ದರು, ಮಾಸ್ತರರ ಹಳೆಯ ದೋಸ್ತಿ. ಸೀರೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ ಹೇಳಿದರು, “ಮಾಸ್ತರ, ಹೂವ ಖರೇನ ಹೂವಿನಂಗ ಐತಿ. ಅದಕ್ಕ ಇದು ಹೋಗೂದಿಲ್ಲ. ಗಿರಾಕಿ ಹೂವ ನೋಡೂದಿಲ್ರಿ, ಬಣ್ಣ ನೋಡತೈತಿ.”

“ನೈದಿಲಿ ಇರೂದ ಹಿಂಗ.”

“ಇರಲಿ. ಕೆರ್ಯಾಗ ಹಂಗ ಇರಲಿ. ಅಂಗಡ್ಯಾಗ ಜಾಂಬಳಿ ಇರಲಿ.”

ಮಾಸ್ತರರು ಒಪ್ಪಲಿಲ್ಲ. ಆದರೆ ನಕ್ಷೆ ಆಗಲೇ ನೇಕಾರರ ಕೈ ಸೇರಿತ್ತು, ನೇಕಾರರಿಗೆ ಹೊಟ್ಟೆ ಇತ್ತು. ನೈದಿಲೆ ಸಾಹೇಬರು ಹೇಳಿದ ಜಾಂಬಳಿಯಲ್ಲೇ, ದಟ್ಟ ನೇರಳೆ ಬಣ್ಣದಲ್ಲಿ ಮಗ್ಗದಿಂದ ಇಳಿಯಿತು, ಇಳಿದ ಹಾಗೆ ಮಾರಾಟವಾಯಿತು. ಗದಗದಲ್ಲಿ, ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಮದುವೆ ಮುಂಜಿವೆಗಳಲ್ಲಿ ಹೆಂಗಸರು ನೇರಳೆ ನೈದಿಲೆ ಉಟ್ಟು ಓಡಾಡಿದರು. ನಮ್ಮ ಓಣಿಯಲ್ಲಿ ಹುಟ್ಟಿದ ಮಕ್ಕಳು ನೈದಿಲೆ ಎಂದರೆ ಆ ಬಣ್ಣ ಎಂದೇ ತಿಳಿದು ದೊಡ್ಡವರಾದರು. ಕೆರೆಗೆ ಹೋಗಿ ನೋಡಿದವರು ಯಾರಿದ್ದಾರೆ? ಮಾಸ್ತರರು ಸಾಹೇಬರ ಜೊತೆ ಮಾತು ಬಿಟ್ಟರು, ಸಾಹೇಬರು ತೀರುವವರೆಗೂ ಆಡಲಿಲ್ಲ. ಮಾರಾಟವಾಗದ ಆ ಮೊದಲ ಸೀರೆಯನ್ನು ಅವರ ಹೆಂಡತಿ ಉಟ್ಟರು. ನಾನು ಅವರನ್ನು ಅಕ್ಕಾರ ಎನ್ನುತ್ತೇನೆ. ಮಾತು ಕಡಿಮೆ. ಮನೆಯಲ್ಲಿ ಒಬ್ಬರು ಮಾತಾಡುವವರಿದ್ದರೆ ಇನ್ನೊಬ್ಬರಿಗೆ ಪಾಳಿ ಎಲ್ಲಿ ಬಂದೀತು?

ಮಾತು ಬಿಡುವುದರಲ್ಲಿ ಮಾಸ್ತರರದು ದೊಡ್ಡ ಕೈ. ಸ್ವಂತ ಅಣ್ಣನ ಮಗನ ಮದುವೆಗೆ ಹೋದರು. ಮಂಟಪಕ್ಕೆ ಆ ಕೆರೆಯ ನೈದಿಲೆಯನ್ನೇ ಬುಟ್ಟಿಗಟ್ಟಲೆ ಕಿತ್ತು ತಂದು ಕಟ್ಟಿದ್ದರು. ಅಣ್ಣ ಪಾಪ ಸಂತೋಷದಿಂದ, “ನೋಡಪಾ ತಮ್ಮಾ, ನಿನ್ನ ಹೂವ” ಎಂದು ತೋರಿಸಿದ. ಅಷ್ಟೊತ್ತಿಗೆ ಮಧ್ಯಾಹ್ನವಾಗಿತ್ತು, ಹೂವುಗಳೆಲ್ಲ ಮುಚ್ಚಿಕೊಂಡು ಜೋತು ಬಿದ್ದಿದ್ದವು. ಮಾಸ್ತರರು ಅಕ್ಷತೆ ಹಾಕದೆ, ಎಲೆಗೆ ಬಡಿಸಿದ್ದನ್ನು ಬಿಟ್ಟು ಎದ್ದು ಬಂದರು. ಅಕ್ಕಾರು ಹಿಂದೆ ಉಳಿದು ಎಲ್ಲರ ಮಾತು ಕೇಳಿಕೊಂಡು ಬಂದರು. ಅವತ್ತಿನಿಂದ ಆ ಮನೆಯ ಹಬ್ಬ ಹುಣ್ಣಿಮೆ ಈ ಮನೆಗೆ ಮುಚ್ಚಿತು. ಒಂದು ಹೂವಿನ ಸಲುವಾಗಿ ಒಡಹುಟ್ಟಿದವನನ್ನು ಬಿಟ್ಟ ಎಂದು ಓಣಿಯೆಲ್ಲ ಆಡಿಕೊಂಡಿತು. ನನಗೂ ಅದು ಅತಿಯೆನಿಸಿತ್ತು, ಮುಖದ ಮೇಲೆ ಹೇಳಿದ್ದೆ. “ನಿಮ್ಮ ಗಾಡಿ ಇಲ್ಲದಿದ್ರ ನಿಮ್ಮ ಜೋಡಿನೂ ಮಾತು ಬಿಡತಿದ್ದೆ” ಎಂದರು.

ಕೆರೆಯ ಹೂಳು ತೆಗೆಯಲು ಜೆಸಿಬಿ ಬಂದ ಬೇಸಿಗೆಯಲ್ಲಂತೂ ಅವರನ್ನು ಹಿಡಿಯುವವರಿರಲಿಲ್ಲ. ಕೆರೆ ಒಣಗಿ ನೆಲ ಬಿರಿದಿತ್ತು. ನೋಡಿದರೆ ನೈದಿಲೆಯ ಕುರುಹೂ ಇಲ್ಲ. ಊರಿನ ರೈತರು ಟ್ರ್ಯಾಕ್ಟರು ತಂದು ಹೂಳನ್ನು ಹೊಲಕ್ಕೆ ಒಯ್ಯುತ್ತಿದ್ದರು. ಅವರು ಮಾಡುತ್ತಿದ್ದದ್ದು ತಪ್ಪೂ ಅಲ್ಲ. ಮಾಸ್ತರರು ಹೋಗಿ ಪಡುವಣ ಮೂಲೆಯಲ್ಲಿ ಯಂತ್ರದ ಮುಂದೆ ಕುಕ್ಕರಿಸಿದರು.

“ಹೂಳು ತಗೀರಿ. ಹೂವ ತಗೀಬ್ಯಾಡ್ರಿ.”

“ಎಲ್ಲೈತ್ರಿ ಹೂವ?” ಊರಿನ ಹಿರಿಯನೊಬ್ಬ ಕೇಳಿದ.

“ಕೆಳಗ ಐತಿ. ಗಡ್ಡಿ ಆಗಿ ಮಣ್ಣಾಗ ಮಲಗೇತಿ. ಮಳಿ ಆಗಲಿ, ಏಳತೈತಿ.”

“ಮಲಗಿದ್ದನ್ನ ಎಬ್ಬಿಸಿ ಕೊಡ್ತೀವಿ, ಮನಿಗೆ ಒಯ್ಯರಿ” ಎಂದ ಯಂತ್ರದ ಡ್ರೈವರು. ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ, ಏಳಲೂ ಇಲ್ಲ. ಬೈದರು, ಬೈಸಿಕೊಂಡರು, ಮಾರನೆಯ ದಿನ ಮತ್ತೆ ಹೋಗಿ ಕೂತರು. ಕೊನೆಗೆ ಆ ಹಿರಿಯ, “ಆತು, ಆ ಮೂಲಿ ಬಿಡ್ರಲೇ, ಈ ಮನಷ್ಯಾನ ಬಾಯಿಗಿಂತ ಹೂಳೇ ಚಲೋ” ಎಂದ. ಅವರ ಮಾತಿಗೆ ಯಾರೂ ಒಪ್ಪಿ ಬಿಟ್ಟದ್ದಲ್ಲ, ಬಾಯಿಗೆ ಹೆದರಿ ಬಿಟ್ಟದ್ದು. ಮಳೆಗಾಲದಲ್ಲಿ ಆ ಮೂಲೆ ತುಂಬ ಎಲೆ ಬಂತು. ಆ ಹಿರಿಯ ಮಾತ್ರ ಒಂದು ರವಿವಾರ ನಮ್ಮ ಪಕ್ಕದಲ್ಲಿ ಬಂದು ನಿಂತು, ಹೂವನ್ನು ನೋಡಿ, ಎಲೆಯಡಿಕೆ ಕೊಟ್ಟು ಹೋದ.

ಇನ್ನೊಂದು ಸಂಗತಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಮ್ಮೆ ಗದಗಿನಿಂದ ಬರುವಾಗ ರಸ್ತೆ ಬದಿಯ ಚರಂಡಿಯ ಹೊಂಡದಲ್ಲಿ ನೇರಳೆ ಹೂವಿನ ಗೊಂಚಲು ಕಂಡಿತು. ಗಾಡಿ ನಿಲ್ಲಿಸಲು ಹೇಳಿ ಇಳಿದರು. ಎಲೆಯ ತೊಟ್ಟು ಗಾಳಿ ತುಂಬಿದಂತೆ ಉಬ್ಬಿದ, ನೀರಿನ ಮೇಲೆ ತೇಲುವ ಗಿಡ. ಅವರು ಅಂಗಿ ತೋಯಿಸಿಕೊಂಡು ಒಂದೊಂದನ್ನೇ ಬೇರು ಸಮೇತ ಎಳೆದು ಡಾಂಬರಿನ ಮೇಲೆ ಬಿಸಿಲಿಗೆ ಹರವಿದರು.

“ಚಂದ ಐತಲ್ರಿ” ಎಂದೆ.

“ಅದ ಅದರ ಕೆಲಸ. ಇದಕ್ಕ ಅಂತರಗಂಗಿ ಅಂತಾರ. ಹೊರದೇಶದಿಂದ ಬಂದದ್ದು. ಒಂದು ಗಿಡ ಕೆರಿಗೆ ಬಿದ್ರ ಕೆರಿ ತುಂಬತೈತಿ. ಕೆಳಗ ಬೆಳಕಿಲ್ಲ, ಗಾಳಿ ಇಲ್ಲ, ನೀರು ನಾರತೈತಿ. ನೈದಿಲಿ ತಲಿ ಎತ್ತಾಕ ಜಾಗಾನ ಇರೂದಿಲ್ಲ. ಹೆಸರಿಟ್ಟ ಪುಣ್ಯಾತ್ಮ ಯಾವನೋ ಭಾಳ ಭಕ್ತ ಇರಬೇಕು, ಗಂಗಿ ಅಂತ ಇಟ್ಟಾನ. ಹೆಸರು ಕೇಳಿ ಹೆಣ್ಣು ತಂದ್ರ ಹಿಂಗ.” ಕೈಯ ಕೆಸರನ್ನು ನನ್ನ ಟವೆಲ್ಲಿಗೆ ಒರೆಸಿಕೊಂಡು ಗಾಡಿ ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದಿನಿಂದ ಹೇಳಿದರು, “ಮಗ್ಗದಾಗ ತಪ್ಪು ನೇಯ್ದರ ಬಿಚ್ಚಬಹುದ್ರಿ. ನೀರಿಗೆ ಬಿಟ್ಟದ್ದು ಬಿಚ್ಚಾಕ ಬರೂದಿಲ್ಲ.”

ಹೋದ ವರ್ಷ ಬೇಸಿಗೆಯ ಬಾಯಿಗೆ ಮಾಸ್ತರರು ತೀರಿಕೊಂಡರು. ಮಣ್ಣಿಗೆ ಬಂದವರು ಒಂದು ಟಂಟಂ ಆಟೋದಲ್ಲಿ ಹಿಡಿಸುವಷ್ಟು ಜನ. ಅಣ್ಣನ ಮನೆಯಿಂದ ಯಾರೂ ಬರಲಿಲ್ಲ. ಅದಾದ ಕೆಲವೇ ದಿನಕ್ಕೆ ಓಣಿಯ ಒಬ್ಬ ತರುಣ ಮಾಸ್ತರರ ಫೋಟೋದ ಪಕ್ಕ ನೇರಳೆ ಸೀರೆಯ ಫೋಟೋ ಸೇರಿಸಿ ವಾಟ್ಸಾಪಿನಲ್ಲಿ ಹಾಕಿದ. “ಒಂದು ಹೂವಿಗಾಗಿ ಬಾಳಿದ ಕಲಾವಿದ” ಎಂದೇನೋ ಬರೆದಿದ್ದ. ಅದು ಎಲ್ಲಿಂದ ಎಲ್ಲಿಗೋ ಹೋಯಿತು. ದೂರದೂರಿಂದ ಜನ ಫೋನು ಮಾಡಿ ನಿಮ್ಮ ಓಣಿಯವರಂತೆ, ನೀವು ನೋಡಿದ್ದಿರಾ ಎಂದು ಕೇಳತೊಡಗಿದರು. ಮಾಸ್ತರರು ಒಮ್ಮೆಲೇ ಎಲ್ಲರಿಗೂ ಬೇಕಾದವರಾದರು. ಅಣ್ಣನ ಮಕ್ಕಳೂ ಬಂದರು, ಅಕ್ಕಾರ ಕಾಲಿಗೆ ಬಿದ್ದು ಅತ್ತರು.

ಓಣಿಯ ತರುಣರೆಲ್ಲ ಸೇರಿ ಮಾಸ್ತರರ ಹೂವನ್ನು ನೋಡಬೇಕೆಂದು ಕೆರೆಗೆ ಹೋದರು. ಉರಿ ಬಿಸಿಲು, ಕೆರೆ ಒಣಗಿದೆ, ನೈದಿಲೆ ಗಡ್ಡೆಯಾಗಿ ಮಣ್ಣಿನಡಿ ಮಲಗಿದೆ. ಇವರಿಗೆ ಅದೆಲ್ಲಿ ಗೊತ್ತು? “ಮಾಸ್ತರ ಹೋದ್ರು, ಹೂವೂ ಅವರ ಹಿಂದ ಹೋತು” ಎಂದು ಕಣ್ಣೀರು ಹಾಕಿದರಂತೆ. ಹಾಕಿ ಸುಮ್ಮನಾಗಿದ್ದರೆ ನಾನು ಇವತ್ತು ಅವರಿಗೆ ಕೈ ಮುಗಿಯುತ್ತಿದ್ದೆ. ಸುಮ್ಮನಾಗಲಿಲ್ಲ. ನೀರಲ್ಲಿ ಬೆಳೆಯುವ ನೇರಳೆ ಹೂವು ಎಲ್ಲಿ ಸಿಗುತ್ತದೆ ಎಂದು ಹುಡುಕಿದರು. ದೂರದ ಯಾವುದೋ ಹೊಂಡದಲ್ಲಿ ಸಿಕ್ಕಿತು. ಸೀರೆಯ ಬಣ್ಣಕ್ಕೆ ಹಿಡಿದು ನೋಡಿದರೆ ಹೂಬೇಹೂಬ, ಒಂದಿಷ್ಟೂ ಫರಕಿಲ್ಲ. ಹೆಸರು ಕೇಳಿದರು, ಅಂತರಗಂಗೆ ಎಂದರು. ಮುಗಿಯಿತು. ನಮ್ಮ ಹಿರಿಯರು ಆ ಹೆಸರು ಕೇಳಿದ್ದೇ ಕೈ ಮುಗಿದರಂತೆ. “ಗಂಗವ್ವನ ಹೆಸರು ಐತಿ, ಇನ್ನೇನ ಬೇಕು?” ಮಳೆ ಬಂದು ಕೆರೆ ತುಂಬಿದಾಗ ಗಂಗಿಪೂಜೆ ಮಾಡಿ, ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿ, ಟಂಟಂ ತುಂಬ ತಂದ ಗಿಡಗಳನ್ನು ಪಡುವಣ ಮೂಲೆಯಲ್ಲೇ ನೀರಿಗೆ ಬಿಟ್ಟರು. ಮಾಸ್ತರರ ಜಾಗ ಅದೇ ಎಂದು ಯಾರಿಗೋ ನೆನಪಿತ್ತು.

ನಾನು ಆಗ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದೆ. ಆಮೇಲೂ ಗಾಡಿ ಹೊಡೆಯುವುದು ಬೇಡವೆಂದರು ಡಾಕ್ಟರು. ಮಾಸ್ತರರಿಲ್ಲದೆ ಆ ಕೆರೆಗೆ ಹೋಗಲು ನನಗೂ ಮನಸ್ಸಿರಲಿಲ್ಲ. ಹೀಗಾಗಿ ವರ್ಷದ ಪುಣ್ಯಸ್ಮರಣೆಯನ್ನು ಕೆರೆಯ ದಂಡೆಯ ಮೇಲೆ ಇಟ್ಟುಕೊಂಡಿದ್ದೇವೆ, ನೀವು ಎರಡು ಮಾತಾಡಬೇಕು ಎಂದು ಕರೆದುಕೊಂಡು ಹೋದಾಗಲೇ ನೋಡಿದ್ದು. ಈ ಸಲ ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ನಿಂತಿತ್ತು. ನೀರು ಕಾಣುತ್ತಿರಲಿಲ್ಲ. ಪಡುವಣ ಮೂಲೆಯಿಂದ ನಡುಗೆರೆಯ ಆಚೆಯವರೆಗೆ ಹಸಿರು ಕಂಬಳಿ, ಅದರ ಮೇಲೆ ನೇರಳೆ ಹೂವು. ದಂಡೆಗೆ ಶಾಮಿಯಾನ. ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡು ನೇರಳೆ ಸೀರೆ ಉಟ್ಟು ಬಂದಿದ್ದರು. ಎಲ್ಲರೂ ಮೊಬೈಲು ಎತ್ತಿ ಫೋಟೋ ತೆಗೆಯುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಕೊಳೆತ ನೀರಿನ ವಾಸನೆ ಬರುತ್ತಿತ್ತು, ಊದಿನಕಡ್ಡಿ ಹೆಚ್ಚಿಗೆ ಹಚ್ಚಿಟ್ಟರು.

ವೈರಿಗಳಿಂದೆಲ್ಲ ಆ ಮೂಲೆಯನ್ನು ಬೈದು ಬೈದು ಉಳಿಸಿಕೊಂಡಿದ್ದ ಮನುಷ್ಯ. ಅದನ್ನು ಅಭಿಮಾನಿಗಳು ಕೈಮುಗಿದು ಮುಗಿಸಿದ್ದರು. ನನ್ನ ಹೆಸರು ಕರೆದಾಗ ಮೈಕಿನ ಮುಂದೆ ಹೋಗಿ ನಿಂತೆ. “ಇದು ಮಾಸ್ತರ ಹೂವಲ್ಲ. ಅವರ ಹೂವಿನ ಕೊರಳ ಹಿಸುಕೂ ಕಸ ಇದು. ಇವತ್ತ ಎಲ್ಲಾರೂ ನೀರಿಗೆ ಇಳದು ತಗದ್ರ ಕೆಳಗಿನ ಗಡ್ಡಿ ಉಳದರೂ ಉಳದೀತು. ಬರ್ರಿ, ನಾನೂ ಇಳೀತೀನಿ” ಎಂದೆ. 

ಯಾರಾದರೂ ಜಗಳಕ್ಕೆ ಬರುತ್ತಾರೆಂದು ಕಾದೆ. ಯಾರೂ ಬರಲಿಲ್ಲ. ಆ ತರುಣ ಮೆಲ್ಲಗೆ ನನ್ನ ಭುಜ ಹಿಡಿದು ಮೈಕು ತೆಗೆದುಕೊಂಡ. “ಕಾಕಾ ಮಾಸ್ತರಿಗೆ ಭಾಳ ಹತ್ತರದವರು. ಅವರ ಸಂಕಟ ನಮಗೆಲ್ಲಾ ಅರ್ಥ ಆಗತೈತಿ” ಎಂದ. ಜನ ಚಪ್ಪಾಳೆ ತಟ್ಟಿದರು. ಒಬ್ಬಾಕೆ ನನಗೆ ಕುಡಿಯಲು ನೀರು ತಂದುಕೊಟ್ಟಳು. ಮಾಸ್ತರರಾಗಿದ್ದರೆ ಇವರ ಕೈಲಿ ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ನನಗೆ ಅವರ ಬಾಯಿ ಇಲ್ಲ.

ಹಿಂದಿರುಗುವಾಗ ಟೆಂಪೋದಲ್ಲಿ ಅಕ್ಕಾರ ಪಕ್ಕದಲ್ಲಿ ಕೂತೆ. ಎಲ್ಲರ ನಡುವೆ ಅವರೊಬ್ಬರೇ ಆ ಹಳೆಯ ಸೀರೆ ಉಟ್ಟಿದ್ದರು. ತೊಳೆದು ತೊಳೆದು ಮೆತ್ತಗಾದ ಸೆರಗಿನಲ್ಲಿ ಆ ತೆಳು ನೀಲಿ ಹೂವು ಇನ್ನೂ ಇತ್ತು. ಇಷ್ಟು ಹೊತ್ತು ನನ್ನ ಕಣ್ಣಿಗೆ ಅದು ಯಾಕೆ ಬೀಳಲಿಲ್ಲವೋ.

“ನಿಮಗ ಗೊತ್ತಿತ್ತೇನ್ರಿ ಅಕ್ಕಾರ?” ಎಂದೆ.

“ಗೊತ್ತಿಲ್ಲೇನ್ರಿ ಅಣ್ಣಾರ. ಜೀವನಾ ಎಲ್ಲಾ ಅದನ್ನ ಉಟ್ಟೀನಿ.”

“ಮತ್ತ ಒಂದು ಮಾತು ಹೇಳಬಾರದಾ?”

 ಹಿಂದಿನ ಸೀಟಿನಿಂದ ಮಾಸ್ತರರ ಅಣ್ಣನ ಸೊಸೆ ನಿದ್ದೆಯಲ್ಲಿದ್ದ ಮಗುವನ್ನು ಅಕ್ಕಾರ ತೊಡೆಗೆ ದಾಟಿಸಿದಳು. ಇವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡರು.

“ಆ ಹೂವಿನ ಸಲುವಾಗಿ ಅವರು ಮಂದೀನ ಎಲ್ಲಾ ಕಳಕೊಂಡ್ರು. ಅವರ ಜೋಡಿ ನಾನೂ ಕಳಕೊಂಡೆ. ನನ್ನ ಯಾರು ಕೇಳಿದ್ರು? ಈಗ ಮಂದಿ ತಾವಾಗೇ ಬಂದಾರ್ರಿ. ಇದು ಅಲ್ಲ ಅಂದ್ರ ಮತ್ತ ಹೋಗ್ತಾರ. ಅವರಿಗೆ ಹೂವ ಬೇಕಿತ್ತು, ಅಣ್ಣಾರ. ನನಗ ಮಂದಿ ಬೇಕು.”

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಬಂದವರಿಗೆಲ್ಲ ಒಂದೊಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ಆ ಗಿಡ ಕೊಟ್ಟಿದ್ದರು. “ಮಾಸ್ತರ ಹೂವು, ಮನ್ಯಾಗ ಬೆಳಸ್ರಿ” ಎಂದು ನನ್ನ ಕೈಗೂ ಇಟ್ಟಿದ್ದರು. ಮನೆಗೆ ಬಂದು ಲೋಟದ ನೀರು ಚೆಲ್ಲಿ, ಗಿಡವನ್ನು ಮಾಳಿಗೆಯ ಬಿಸಿಲಿಗೆ ಹಾಕಿದೆ. ಮಾಸ್ತರರು ಡಾಂಬರಿನ ಮೇಲೆ ಹರವಿದಂತೆ, ಬೇರು ಮೇಲೆ ಮಾಡಿ ಹಾಕಿದೆ. ಮರುದಿನ ಹೋಗಿ ನೋಡಿದರೆ ಬೇರು ಒಣಗಿತ್ತು, ಎಲೆ ಬಾಡಿತ್ತು, ಒಂದು ಮೊಗ್ಗು ಮಾತ್ರ ಅಡ್ಡ ಬಿದ್ದಲ್ಲೇ ಅರಳಿತ್ತು. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.